ಹದಿನಾರು ಗುರುತು

ಇದನ್ನು ಹೇಳಲು ಹೊರಟದ್ದಕ್ಕೆ ಓದುವವರು ಮೊದಲೇ ಕ್ಷಮಿಸಬೇಕು. ಒಬ್ಬ ಮುದುಕಿಯ ಕಣ್ಣಿನ ರೆಪ್ಪೆ ತೊಳೆದದ್ದು, ತೊಳೆಯದೆ ಬಿಟ್ಟದ್ದು ಬರೆಯುವಂಥ ವಿಷಯವೇ ಎಂದು ನನ್ನನ್ನೇ ಹಲವು ಸಲ ಕೇಳಿಕೊಂಡಿದ್ದೇನೆ. ಹಗಲು ದುಡಿದು, ಸಂಜೆ ಕ್ಲಾಸಿನಲ್ಲಿ ಅಕ್ಷರ ಕಲಿತವನು ನಾನು. ರೇಣುಕಪ್ಪ ಅದೇ ಕ್ಲಾಸಿನಲ್ಲಿ ನನ್ನ ಪಕ್ಕದ ಚಾಪೆಯಲ್ಲಿ ಕೂತು ಕಲಿತವನು. ಅವನು ನನಗೆ ಹೇಳಿದ್ದು ಸ್ವಲ್ಪ. ಹೇಳದೆ ಬಿಟ್ಟದ್ದನ್ನು ನಾನು ಊಹಿಸಿಕೊಂಡಿದ್ದೇನೆ. ಇನ್ನೊಬ್ಬನ ನಾಚಿಕೆಯೊಳಗೆ ಹೀಗೆ ಕಾಲಿಡುವುದು ಸರಿಯೋ ತಪ್ಪೋ ತಿಳಿಯದು. ಊಹೆ ಎಲ್ಲಾದರೂ ತಪ್ಪಿದ್ದರೆ ಆ ತಪ್ಪು ನನ್ನದು, ಅವನದಲ್ಲ.

ಆ ಸೋಮವಾರ ಬೆಳಿಗ್ಗೆ ನರಸಿಂಹರಾಜಪುರದ ಛತ್ರದ ಜಗಲಿಯಲ್ಲಿ ರೇಣುಕಪ್ಪ ಹನ್ನೆರಡು ಚೀಟಿಗಳನ್ನು ಒಂದರ ಮೇಲೊಂದು ಇಟ್ಟು, ಅಂಚು ಸಮ ಮಾಡಿ, ಮತ್ತೆ ಬಿಡಿಸಿ, ಮತ್ತೆ ಸಮ ಮಾಡುತ್ತಿದ್ದ. ಒಳಗೆ ಕಣ್ಣಿನ ಡಾಕ್ಟರು ಕಾಫಿ ಕುಡಿಯುತ್ತಿದ್ದರು. ವರ್ಷಕ್ಕೊಮ್ಮೆ ಹೊರ ಊರಿನಿಂದ ಬಂದು, ಪೊರೆ ಬಂದ ಕಣ್ಣುಗಳನ್ನು ಪರೀಕ್ಷೆ ಮಾಡಿ, ಮಂಗಳವಾರದಿಂದ ಗುರುವಾರದ ತನಕ ಮೂರು ದಿನ ಪೊರೆ ತೆಗೆಯುವವರು ಅವರು. ಬರುವ ಮೊದಲೇ ಆಸ್ಪತ್ರೆಗೆ ಕಾಗದ ಬರೆದಿದ್ದರು: ರೆಪ್ಪೆ ಕೊಳೆಯಾಗಿರುವ ಕಣ್ಣಿಗೆ ತಾನು ಕೈ ಹಾಕುವುದಿಲ್ಲ, ಎಂಟು ದಿನ ಮೊದಲಿನಿಂದ ಪ್ರತಿಯೊಬ್ಬರ ರೆಪ್ಪೆಯನ್ನೂ ಎರಡು ಹೊತ್ತು ತೊಳೆದಿರಬೇಕು. ನೀರು ಕುದಿಸಿ ಆರಿಸಬೇಕು, ಚಿಟಿಕೆ ಬೋರಿಕ್ ಪುಡಿ ಹಾಕಬೇಕು, ಕಣ್ಣು ಮುಚ್ಚಿಸಿ ಮೂಗಿನ ಕಡೆಯಿಂದ ಹೊರಗಡೆಗೆ ರೆಪ್ಪೆಗೂದಲಿನ ಬುಡವನ್ನು ಹತ್ತಿಯಿಂದ ಒರೆಸಬೇಕು, ಒಂದು ಕಣ್ಣಿಗೆ ಮುಟ್ಟಿಸಿದ ಹತ್ತಿ ಇನ್ನೊಂದಕ್ಕೆ ಕೂಡದು. ತೊಳೆದ ಪ್ರತಿ ಸಲ ಚೀಟಿಯ ಒಂದು ಮನೆಯಲ್ಲಿ ಗುರುತು ಹಾಕಬೇಕು. ರೋಗಿಗೊಂದು ಚೀಟಿ, ಚೀಟಿಗೆ ಹದಿನಾರು ಮನೆ. ಆ ಕಾಗದ ಬಂದ ದಿನ, ಆಸ್ಪತ್ರೆಯಲ್ಲಿ ಗಾಯ ತೊಳೆದು ಕಟ್ಟುವ ಡ್ರೆಸ್ಸರ್ ರೇಣುಕಪ್ಪನಿಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಅದನ್ನು ತನ್ನ ಕೈಬರಹದಲ್ಲಿ ಎರಡು ಸಲ ನಕಲು ಮಾಡಿ, ಒಂದನ್ನು ಆಸ್ಪತ್ರೆಯ ಗೋಡೆಗೆ ಅಂಟಿಸಿ, ಇನ್ನೊಂದನ್ನು ಮನೆಯ ಗೂಡಿನಲ್ಲಿಟ್ಟಿದ್ದ. ಓದು ಬರೆಹ ಕಲಿತದ್ದು ಇಂಥ ಕೆಲಸಕ್ಕೇ ಎನ್ನಿಸಿತ್ತು. ಈಗ ಹನ್ನೆರಡನೆಯ ಚೀಟಿ ಮಾತ್ರ ರಾಶಿಯಿಂದ ಹೊರಕ್ಕೆ ಜಾರುತ್ತಿದ್ದಂತೆ ಅವನಿಗೆ ಕಂಡಿತು. ಮೊದಲ ಹತ್ತು ಗುರುತುಗಳಿಗೆ ಒದ್ದೆ ಬೆರಳು ತಾಗಿ ಶಾಯಿ ಹರಡಿತ್ತು. ಕೊನೆಯ ಆರು ಗುರುತುಗಳು ಮುದ್ದಾಗಿದ್ದವು, ಒಂದೇ ಅಳತೆ, ಒಂದೇ ಓರೆ. ನಿನ್ನೆ ಸಂಜೆ ಒಂದೇ ಉಸಿರಿಗೆ ಹಾಕಿದವು ಅವು.

ಚೀಟಿಯ ಮೇಲಿದ್ದ ಹೆಸರು ವೀರಬಸಮ್ಮ. ಅವಳು ಅವನ ದೊಡ್ಡವ್ವ, ಅವನ ತಾಯಿಯ ಅಕ್ಕ. ತಾಯಿ ಸತ್ತಾಗ ಅವನಿಗೆ ಮೂರು ವರ್ಷ. ಸಾಕಿದ್ದು ಇವಳೇ, ಊರಿನ ನಾಲ್ಕು ಮನೆಗಳಲ್ಲಿ ರೊಟ್ಟಿ ತಟ್ಟಿ. ಮೂವತ್ತು ವರ್ಷ ಒಲೆಯ ಮುಂದೆ ಕೂತು ಕುಡಿದ ಹೊಗೆ ಅವಳ ರೆಪ್ಪೆಯ ಅಂಚನ್ನು ಕೆಂಪು ಮಾಡಿತ್ತು. ಕೂದಲು ಅಲ್ಲೊಂದು ಇಲ್ಲೊಂದು ಉಳಿದಿತ್ತು, ಬುಡದಲ್ಲಿ ಹಳದಿ ಗೀಜು ಒಣಗಿ ಹಿಟ್ಟಿನಂತೆ ಅಂಟುತ್ತಿತ್ತು. ಈಗ ಎರಡು ಕಣ್ಣಿಗೂ ಪೊರೆ. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬಷ್ಟು ಬೆಳಕು ಮಾತ್ರ ತಿಳಿಯುತ್ತಿತ್ತು. ಅವನ ಹೆಂಡತಿ ನೀಲಾಂಬಿಕೆ ಹೆರಿಗೆಗೆಂದು ಬಾಳೆಹೊನ್ನೂರಿನ ತವರಿಗೆ ಹೋಗಿದ್ದಳು. ‘ಕೂಸು ಬಂದಾಗ ಅದರ ಮುಖ ನೋಡಾಕಾದ್ರೂ ಒಂದು ಕಣ್ಣು ಸಿಕ್ಕಿದ್ರೆ ಸಾಕು’ ಎಂದು ದೊಡ್ಡವ್ವ ಒಂದೇ ಒಂದು ಸಲ ಹೇಳಿದ್ದಳು, ಅದೂ ಅವನಿಗಲ್ಲ, ಪಕ್ಕದ ಮನೆಯ ಪ್ರೇಮಕ್ಕನಿಗೆ. ಅವನು ಗೋಡೆಯ ಈಚೆಯಿಂದ ಕೇಳಿಸಿಕೊಂಡಿದ್ದ. ಆದರೂ ಚೀಟಿ ಬರೆಯುವಾಗ, ರೋಗಿಗೆ ಯಾರು ದಿಕ್ಕು ಎಂಬ ಸಾಲಿನಲ್ಲಿ ಅವನ ಪೆನ್ನು ನಿಂತಿತು. ಡ್ರೆಸ್ಸರ್ ತನ್ನವರನ್ನೇ ಪಟ್ಟಿಯೊಳಗೆ ತುರುಕಿದ ಎಂದು ಯಾರಾದರೂ ಅಂದರೆ ಎಂಬ ಭಯ ಎಂದು ತನಗೆ ತಾನೇ ಹೇಳಿಕೊಂಡ. ಅದು ಪೂರ್ತಿ ಸುಳ್ಳಲ್ಲ. ಆದರೆ ಹೊರ ಊರಿನ ಡಾಕ್ಟರ ಮುಂದೆ, ಇಸ್ತ್ರಿ ಮಾಡಿದ ಖಾಕಿ ತೊಟ್ಟು ನಿಂತಾಗ, ಈ ರೆಪ್ಪೆಗಳು ತನ್ನ ಮನೆಯವು ಎಂದು ಹೇಳಬೇಕಾದೀತು ಎಂಬುದು ಅದರ ಹಿಂದೆಯೇ ಇತ್ತು. ಆ ಸಾಲು ಖಾಲಿ ಉಳಿಯಿತು.

ದೊಡ್ಡವ್ವನಿಗೆ ಮೊಣಕಾಲು ನೋವು, ದಿನಕ್ಕೆ ಎರಡು ಸಲ ಛತ್ರಕ್ಕೆ ನಡೆಯಲಾರಳು. ಮನೆಯೊಳಗೆ ಕತ್ತಲೆ, ರೆಪ್ಪೆಯ ಬುಡ ಕಾಣದು. ಹಾಗಾಗಿ ಬೀದಿ ಬದಿಯ ಜಗಲಿಯಲ್ಲೇ ಅವಳನ್ನು ಕೂರಿಸಿ, ತಲೆಯನ್ನು ಕಂಬಕ್ಕೆ ಆನಿಸಿ, ಅವನು ತೊಳೆಯುತ್ತಿದ್ದ. ಮೊದಲ ದಿನ ಹತ್ತಿಯನ್ನು ಹಿಡಿದ ಬೆರಳು ಹಿಂಜರಿಯಿತು. ಬೇರೆಯವರ ಹುಣ್ಣು, ಕೀವು, ಹುಳ ಬಿದ್ದ ಗಾಯ ಎಲ್ಲವನ್ನೂ ಮೂಗು ಮುಚ್ಚದೆ ತೊಳೆದವನು ಈ ಒಂದು ಚೂರು ಗೀಜಿಗೆ ಉಸಿರು ಬಿಗಿಹಿಡಿದ. ಅವನಿಗೆ ಆರೇಳು ವರ್ಷವಿದ್ದಾಗ ಒಮ್ಮೆ ಕಣ್ಣುಬೇನೆ ಬಂದು, ಬೆಳಿಗ್ಗೆ ಎದ್ದರೆ ರೆಪ್ಪೆ ಅಂಟಿಕೊಂಡು, ಕುರುಡಾದೆ ಎಂದು ಅವನು ಕಿರುಚಿದ್ದ. ಅವಳು ನಂದಿಬಟ್ಟಲ ಹೂವು ನೆನೆಸಿದ ನೀರನ್ನು ಬಿಟ್ಟು ಬಿಟ್ಟು, ‘ಎಳೀಬ್ಯಾಡ, ನೆನೀಲಿ, ನೆನೀಲಿ’ ಎಂದು ಒಂದು ಕೂದಲೂ ಕೀಳದಂತೆ ಬಿಡಿಸಿದ್ದಳು. ರೊಟ್ಟಿ ತಟ್ಟಬೇಕಾದ ಮನೆಗೆ ಆ ದಿನ ತಡವಾಗಿ ಹೋಗಿ ಮಾತು ಕೇಳಿದ್ದಳು. ಅಂಥವಳ ಕಣ್ಣು ಮುಟ್ಟಲು ತನಗೆ ಅಸಹ್ಯವೇ ಎಂದು ನಾಚಿದ ಕೈ ಇನ್ನಷ್ಟು ಗಡುಸಾಗಿ, ಬೇಗ ಬೇಗ ಓಡಿತು. ತೊಳೆದಾದ ಮೇಲೆ, ‘ಹಗುರಾತು ಮಾರಾಯ’ ಎಂದಳು. ಬುಧವಾರದ ಹೊತ್ತಿಗೆ ರೆಪ್ಪೆಯ ಅಂಚು ತಿಳಿಯಾಗತೊಡಗಿತ್ತು. ಗುರುವಾರ ಅವನಿಗೇ ಆಶ್ಚರ್ಯವಾಗುವಂತೆ ಗೀಜು ಮುಕ್ಕಾಲು ಪಾಲು ಇರಲಿಲ್ಲ.

ಗುರುವಾರ ಸಂಜೆಯೇ ಎದುರಿನ ಅಂಗಡಿಯ ಮಂಜಪ್ಪ, ಗಲ್ಲಾಪೆಟ್ಟಿಗೆಯ ಮುಂದೆ ಕೂತವನು, ಗಿರಾಕಿಗಳಿಗೆಲ್ಲ ಕೇಳುವಂತೆ ಕೂಗಿದ್ದು. ‘ಎಂತ ರೇಣುಕಪ್ಪ, ಹೆಂಡ್ತೀನ ಬಾಣಂತನಕ್ಕೆ ತವರಿಗೆ ಕಳ್ಸಿ ನೀನಿಲ್ಲಿ ದೊಡ್ಡವ್ವನ ಬಾಣಂತನ ಹಿಡ್ದೀಯಾ? ಹಂಗೇ ಕಾಡಿಗೆ ಹಚ್ಚಿ ದೃಷ್ಟಿಬೊಟ್ಟೂ ಇಟ್ಬಿಡು.’ ನಾಲ್ಕು ಜನ ನಕ್ಕರು. ದೊಡ್ಡವ್ವ ಕಂಬಕ್ಕೆ ಆನಿಸಿದ ತಲೆ ಎತ್ತದೆ, ಕಣ್ಣು ಮುಚ್ಚಿಕೊಂಡೇ ಹೇಳಿದಳು: ‘ನೀನೂ ತೊಳೆಸ್ಕಾ ಬಾ ಮಂಜಪ್ಪ. ತಕ್ಕಡಿ ಹಿಡ್ದಾಗ ನಿಂಗೆ ಮುಳ್ಳು ಸರಿ ಕಾಣಾದಿಲ್ಲ ಅಂತ ಊರೆಲ್ಲ ಹೇಳ್ತದೆ.’ ಈಗ ನಗು ಇನ್ನೂ ಜೋರಾಯಿತು, ಮಂಜಪ್ಪನೂ ನಕ್ಕ. ವಿಷಯ ಅಲ್ಲಿಗೆ ಮುಗಿದಿತ್ತು, ಎಲ್ಲರಿಗೂ. ರೇಣುಕಪ್ಪನಿಗೆ ಮಾತ್ರ ಕಿವಿಯ ಹಿಂದೆ ಬಿಸಿಯಾಗಿ, ಕೈಯ ಹತ್ತಿ ಬೋಗುಣಿಗೆ ಬಿತ್ತು. ಅಕ್ಷರ ಕಲಿಯುವಾಗ ‘ಮೀಸೆ ಬಂದ ಮೇಲೆ ಬಳಪ’ ಎಂದು ಇದೇ ಮಂಜಪ್ಪ ನಕ್ಕಿದ್ದು, ಅದಕ್ಕೂ ದೊಡ್ಡವ್ವನೇ ಏನೋ ಉತ್ತರ ಕೊಟ್ಟಿದ್ದು ನೆನಪಾಯಿತು. ತನ್ನ ಪರವಾಗಿ ಯಾವಾಗಲೂ ಇವಳೇ ಮಾತಾಡುವುದು ಎಂಬುದೂ ಒಂದು ಅವಮಾನವಾಗಿ ಕಂಡಿತು. ಶುಕ್ರವಾರ ಬೆಳಿಗ್ಗೆ ನೀರು, ಹತ್ತಿ ಎಲ್ಲವನ್ನೂ ಅಡುಗೆಮನೆಯೊಳಗೆ ಅವಳ ಕೈಗೆ ಸಿಗುವಲ್ಲಿಟ್ಟು, ಮುಖ ತಿರುಗಿಸಿಕೊಂಡು ಹೇಳಿದ: ‘ದೊಡ್ಡವ್ವ, ನಂಗೆ ಛತ್ರದಲ್ಲಿ ಕೆಲಸ ಜಾಸ್ತಿ ಆತು. ಇನ್ನು ಮೂರು ದಿನ ನೀನೇ ಒರೆಸ್ಕಳ್ತೀಯಾ?’ ಅವಳು ಬೋಗುಣಿಯ ಅಂಚನ್ನು ತಡವಿ ನೋಡಿ, ‘ಆತು ಬಿಡು. ಒರೆಸ್ಕಳಾದು ಎಂತ ದೊಡ್ಡ ಕೆಲಸ’ ಎಂದಳು. ಮಧ್ಯಾಹ್ನ ಊಟಕ್ಕೆ ಬಂದಾಗ ಹತ್ತಿ ಇಟ್ಟಲ್ಲೇ ಇತ್ತು. ಅವಳು ರೊಟ್ಟಿ ಮುರಿಯುತ್ತ, ನಡುವೆ ಒಮ್ಮೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಎರಡೂ ಕಣ್ಣನ್ನು ಒರೆಸಿಕೊಂಡಳು, ಮೊದಲು ಬಲ, ಅದೇ ತುದಿಯಲ್ಲಿ ಎಡ. ಅವನು ನೋಡಿದ. ತುತ್ತು ನುಂಗಿದ. ಒರೆಸಿಕೊಂಡಳಲ್ಲ, ಅದೂ ಒಂದು ಬಗೆಯ ಒರೆಸುವುದೇ ಎಂದುಕೊಂಡ. ಶನಿವಾರ ಅಷ್ಟೂ ಯೋಚಿಸಲಿಲ್ಲ. ಭಾನುವಾರ ಸಂಜೆ ಶಾಯಿ ತೆಗೆದು ಕೂತ.

‘ರೇಣುಕಪ್ನೋರೇ, ಇಳಿಸ್ಕಳಿ’ ಎಂದು ಪ್ರೇಮಕ್ಕ ಕರೆದಾಗ ಅವನು ಬೆಚ್ಚಿದ. ಛತ್ರದ ಜಗಲಿಯ ಮುಂದೆ ಗಾಡಿ ಬಂದು ನಿಂತಿತ್ತು. ಅದರಲ್ಲಿ ಪ್ರೇಮಕ್ಕನ ಮಾವ ವೀರಪ್ಪ, ಪಕ್ಕದಲ್ಲಿ ದೊಡ್ಡವ್ವ. ತಾನು ಹೊತ್ತಿಗೆ ಮೊದಲೇ ಛತ್ರದಲ್ಲಿರಬೇಕು ಎಂಬ ನೆಪದಲ್ಲಿ ಅವನು ದೊಡ್ಡವ್ವನನ್ನು ಪ್ರೇಮಕ್ಕನಿಗೆ ಒಪ್ಪಿಸಿ ಬಂದಿದ್ದ. ಅವಳು ಒಗೆದ ಸೀರೆ ಉಟ್ಟಿದ್ದಳು, ಹಣೆಯ ವಿಭೂತಿ ಎಂದಿಗಿಂತ ಅಚ್ಚುಕಟ್ಟಾಗಿತ್ತು. ಕೈ ಹಿಡಿದು ಇಳಿಸುವಾಗ ಅವನು ‘ನಿಧಾನ ಅಜ್ಜಿ’ ಎಂದ. ಎಂದ ಮೇಲೆ ಕೇಳಿಸಿತು ಅವನಿಗೆ, ತಾನು ದೊಡ್ಡವ್ವ ಎನ್ನಲಿಲ್ಲವೆಂದು. ಅವಳ ಕೈ ಅವನ ಕೈಯೊಳಗೆ ಸ್ವಲ್ಪ ಹೊತ್ತು ಹಾಗೆಯೇ ಇತ್ತು, ಆಮೇಲೆ ಅವಳೇ ಬಿಡಿಸಿಕೊಂಡು ಗೋಡೆ ಹಿಡಿದಳು.

ಡಾಕ್ಟರು ಮೊದಲು ವೀರಪ್ಪನನ್ನು ನೋಡಿದರು. ಶೆಟ್ಟಿಕೊಪ್ಪದ ಮಗಳ ಮನೆಯಿಂದ ವೀರಪ್ಪ ತಡವಾಗಿ, ಗುರುವಾರವಷ್ಟೇ ಬಂದವನು. ಅವನ ಚೀಟಿಯಲ್ಲಿ ಎಂಟೇ ಗುರುತು. ‘ಎಂಟು ಸಲ ಮಾತ್ರ ತೊಳೆದಿದೆ. ಅದಕ್ಕೇ ಇನ್ನೂ ಕೊಳೆ ಇದೆ’ ಎಂದು ಡಾಕ್ಟರು ರೆಪ್ಪೆಯನ್ನು ಹೆಬ್ಬೆರಳಿನಿಂದ ಬಿಡಿಸಿ ನೋಡಿದರು. ‘ಪರವಾಗಿಲ್ಲ. ಇನ್ನು ಮೂರು ದಿನ ಚೆನ್ನಾಗಿ ತೊಳೆದು ಗುರುವಾರ ಮಧ್ಯಾಹ್ನ ಕರೆತನ್ನಿ, ಮಾಡೋಣ.’ ಪ್ರೇಮಕ್ಕ ಕೈ ಮುಗಿದಳು. ಹೀಗೆ ಹೇಳಿಬಿಡಬಹುದಾಗಿತ್ತು ಎಂಬುದು ರೇಣುಕಪ್ಪನಿಗೆ ಹೊಳೆದೇ ಇರಲಿಲ್ಲ. ಹತ್ತು ಗುರುತು ಹಾಕಿ ಆರು ಮನೆ ಖಾಲಿ ಬಿಟ್ಟಿದ್ದರೆ ಸಾಕಿತ್ತು. ಹನ್ನೆರಡನೆಯ ಚೀಟಿಯನ್ನು ಡಾಕ್ಟರು ಕೈಗೆ ತೆಗೆದುಕೊಂಡರು. ದೊಡ್ಡವ್ವನ ಮುಖವನ್ನು ಬೆಳಕಿಗೆ ತಿರುಗಿಸಿದರು. ರೆಪ್ಪೆಯ ಬುಡದಲ್ಲಿ ಮೂರು ದಿನದ ಗೀಜು ಮತ್ತೆ ಕೂತಿತ್ತು, ಎಡಗಣ್ಣಿನ ಮೂಲೆಯಲ್ಲಿ ಸೆರಗಿನ ಒಂದು ಕೆಂಪು ನೂಲೆಳೆ. ಡಾಕ್ಟರು ಚೀಟಿ ನೋಡಿದರು, ರೆಪ್ಪೆ ನೋಡಿದರು, ಮತ್ತೆ ಚೀಟಿ ನೋಡಿದರು. ‘ಹದಿನಾರು ಸಲ ತೊಳೆದ ಮೇಲೂ ಹೀಗಿದೆ ಅಂದರೆ ಇದು ಕೊಳೆಯಲ್ಲ. ರೆಪ್ಪೆಯ ಬೇರಿನಲ್ಲೇ ರೋಗ ಕೂತಿದೆ. ಇದರ ಮೇಲೆ ಪೊರೆ ತೆಗೆದರೆ ಕೀವಾಗಿ ಕಣ್ಣೇ ಹೋಗುತ್ತದೆ.’ ಆಮೇಲೆ, ಯಾಕೋ ಸಂಶಯ ಬಂದವರಂತೆ, ಅವಳನ್ನೇ ಕೇಳಿದರು: ‘ಅಜ್ಜೀ, ದಿನಾ ಎರಡು ಹೊತ್ತೂ ತೊಳೆದರೇನಮ್ಮ?’

ಆ ಪ್ರಶ್ನೆಗೂ ಉತ್ತರಕ್ಕೂ ನಡುವೆ ಛತ್ರದ ಹೆಂಚಿನ ಮೇಲೆ ಒಂದು ಕಾಗೆ ನಡೆದದ್ದು ಅವನಿಗೆ ಕೇಳಿಸಿತು. ಅವಳು ನಿಜ ಹೇಳಲಿ ಎಂದು ಬೇಡಿಕೊಂಡೆ ಎಂದು ಅವನು ನನಗೆ ಹೇಳಿದ; ಹೇಳದಿರಲಿ ಎಂದೂ ಬೇಡಿಕೊಂಡಿರಬೇಕು, ಅದನ್ನು ಹೇಳಲಿಲ್ಲ. ಅವಳು ಡಾಕ್ಟರ ದನಿ ಬಂದ ಕಡೆಗೆ ಮುಖ ಮಾಡಿ, ‘ತೊಳೆದಾರೆ ಸ್ವಾಮಿ. ಆಸ್ಪತ್ರೆಯೋರು ದಿನಾ ಎರಡು ಹೊತ್ತು ಬಂದು ತೊಳೆದು ಹೋಗ್ತಿದ್ರು. ಭಾಳ ಚಂದಾಗಿ ತೊಳೆದ್ರು’ ಎಂದಳು. ಡಾಕ್ಟರು ಚೀಟಿಯ ಮೇಲೆ ಓರೆಯಾಗಿ ಒಂದು ಗೆರೆ ಎಳೆದು ಪಕ್ಕಕ್ಕಿಟ್ಟರು. ‘ಮನೆಯಲ್ಲಿ ಯಾರಿದ್ದಾರೆ ಇವರಿಗೆ? ಇಲ್ಲಿ ಏನೂ ಬರೆದಿಲ್ಲವಲ್ಲ.’ ಪ್ರೇಮಕ್ಕ ಬಾಯಿ ತೆರೆದವಳು ರೇಣುಕಪ್ಪನ ಮುಖ ನೋಡಿದಳು. ನೋಡಿ, ‘ನಮ್ಮ ಪಕ್ಕದ ಮನೆಯೋರು’ ಎಂದಳು.

ಆ ರಾತ್ರಿ ಅವನು ಒಂದು ವಾಕ್ಯವನ್ನು ಕಟ್ಟಿದ. ಸಂಜೆ ಕ್ಲಾಸಿನಲ್ಲಿ ಅರ್ಜಿ ಬರೆಯಲು ಕಲಿಸಿದಂತೆ, ಮೊದಲು ವಿಷಯ, ಆಮೇಲೆ ಕಾರಣ, ಕೊನೆಗೆ ಕೋರಿಕೆ. ನಾನು ಆರು ಸಲ ತೊಳೆದಿಲ್ಲ, ತೊಳೆಯದೆ ಗುರುತು ಹಾಕಿದ್ದೇನೆ, ಅವಳು ನನ್ನ ದೊಡ್ಡವ್ವ, ಗುರುವಾರದ ತನಕ ತೊಳೆಯಲು ಅವಕಾಶ ಕೊಡಬೇಕು. ಮಂಗಳವಾರ ಮಧ್ಯಾಹ್ನ ಡಾಕ್ಟರು ಮೂವರ ಪೊರೆ ತೆಗೆದು ಕೈ ತೊಳೆಯುತ್ತಿದ್ದಾಗ, ಚೊಂಬಿನಿಂದ ಅವರ ಕೈಗೆ ನೀರು ಹಾಕುತ್ತ ಅವನು ಬಾಯಿ ತೆರೆದ. ‘ಸಾರ್, ನಿನ್ನೆ ಆ ಹನ್ನೆರಡನೇ ಚೀಟಿಯ ಅಜ್ಜಿ...’ ಡಾಕ್ಟರು ಸೋಪು ಉಜ್ಜುತ್ತ, ‘ಏನು, ಹೇಳಿ?’ ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ದಣಿವು ಮಾತ್ರ. ಜೊತೆಗೆ ಎಂಟು ದಿನ ಒಪ್ಪವಾಗಿ ಕೆಲಸ ಮಾಡಿದವನ ಮೇಲಿನ ಒಂದು ವಿಶ್ವಾಸ. ಆ ವಿಶ್ವಾಸವೇ ಅವನು ಕಟ್ಟಿದ್ದ ವಾಕ್ಯಕ್ಕೆ ಅಡ್ಡ ಬಂತು. ‘ಅದು ರೋಗ ಅಲ್ಲ ಸಾರ್ ಅನ್ಸುತ್ತೆ. ತೊಳೆದ ಮೇಲೆ... ಅವರು ಸೆರಗಿನಲ್ಲಿ ಒರೆಸ್ಕಳ್ತಿದ್ರು. ನಾನು ನೋಡಿದೆ.’

ಎಲ್ಲ ಮಾತೂ ನಿಜ, ಬಿಡಿಬಿಡಿಯಾಗಿ. ಡಾಕ್ಟರು ಟವಲು ತೆಗೆದುಕೊಂಡರು. ‘ಹಾಗೋ! ಹಾಗಾದರೆ ಇನ್ನೂ ಕಷ್ಟ. ಪೊರೆ ತೆಗೆದು ಪಟ್ಟಿ ಕಟ್ಟಿದ ಮೇಲೂ ಪಟ್ಟಿ ಎತ್ತಿ ಸೆರಗು ಹಾಕುತ್ತಾರೆ. ನೀವು ಹದಿನಾರು ಸಲ ತೊಳೆದೂ ಬಿಡಿಸಲಾಗದ ಚಾಳಿ ಎರಡು ದಿನದಲ್ಲಿ ಹೋಗುತ್ತದೆಯೆ? ಬರುವ ವರ್ಷ ನೋಡೋಣ. ನಿಮ್ಮ ತಪ್ಪೇನೂ ಇಲ್ಲ ಬಿಡಿ.’ ಹೋಗುತ್ತಿದ್ದವರು ತಿರುಗಿ ನಿಂತರು. ‘ಒಳ್ಳೆಯದನ್ನೇ ಹೇಳಿದಿರಿ. ಇವತ್ತು ಸಂಜೆ ರೋಗಿಗಳ ಮನೆಯವರಿಗೆಲ್ಲ ಇದನ್ನೇ ಹೇಳಿ. ಉದಾಹರಣೆ ಕೊಟ್ಟು ಹೇಳಿದರೆ ಜನಕ್ಕೆ ನಾಟುತ್ತದೆ.’

ಅವನು ಹೇಳಿದ. ನನಗೆ ಇದನ್ನು ಹೇಳುವಾಗ ಮಾತ್ರ ಅವನು ನನ್ನ ಮುಖ ನೋಡಲಿಲ್ಲ. ಛತ್ರದ ಜಗಲಿಯಲ್ಲಿ ಹದಿನೈದು ಇಪ್ಪತ್ತು ಜನ ಕೂತಿದ್ದರು, ಮಾವನ ಜೊತೆ ಪ್ರೇಮಕ್ಕನೂ. ಅವನು ಕುದಿಸಿದ ನೀರು, ಹತ್ತಿ, ಮೂಗಿನ ಕಡೆಯಿಂದ ಹೊರಕ್ಕೆ, ಎಲ್ಲ ಹೇಳಿದ. ಆಮೇಲೆ ಒಬ್ಬ ಅಜ್ಜಿ ಇದ್ದಳು ಎಂದ. ಎಂಟು ದಿನ ಆಸ್ಪತ್ರೆಯವರು ಮನೆಗೇ ಹೋಗಿ ತೊಳೆದರೂ ಸೆರಗಿನ ಚಾಳಿ ಬಿಡಲಿಲ್ಲ, ಸಿಗಬೇಕಾದ ಕಣ್ಣು ಕೈ ತಪ್ಪಿತು ಎಂದ. ಜನ ತಲೆದೂಗಿದರು. ಒಬ್ಬ ಹೆಂಗಸು ಹೆದರಿ ತನ್ನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವನ ಮಾತು ಆ ದಿನ ಎಲ್ಲೂ ತಡೆಯಲಿಲ್ಲ. ತಾನು ಇಷ್ಟು ಚೆನ್ನಾಗಿ ಮಾತಾಡಬಲ್ಲೆ ಎಂದು ಅವನಿಗೆ ಗೊತ್ತಿರಲಿಲ್ಲ. ಮುಗಿಸಿ ಚೊಂಬು ಎತ್ತಿಕೊಂಡಾಗ ಪ್ರೇಮಕ್ಕ ಹತ್ತಿರ ಬಂದಳು. ‘ಚಂದಾಗಿ ಹೇಳಿದ್ರಿ’ ಎಂದಳು, ಅಷ್ಟೇ. ಮನೆ ಕಡೆ ಹೊರಟಳು; ಅವನಿಗಿಂತ ಮುಂಚೆ.

ಅವನು ಊರು ಸುತ್ತಿಕೊಂಡು ತಡವಾಗಿ ಹೋದ. ಇನ್ನೂ ಬೆಳಕಿತ್ತು. ದೊಡ್ಡವ್ವ ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ಪ್ರೇಮಕ್ಕನ ಮನೆಯ ಬಾಗಿಲು ಅರ್ಧ ತೆರೆದಿತ್ತು. ಎದುರಿನ ಅಂಗಡಿಯಲ್ಲಿ ಮಂಜಪ್ಪನಿದ್ದ, ಗಿರಾಕಿಗಳಿದ್ದರು. ರೇಣುಕಪ್ಪ ಒಳಗೆ ಹೋಗಿ ನೀರು ಕುದಿಸಿ, ಆರಿಸಿ, ಹತ್ತಿ ತಂದು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಈಗ ತೊಳೆದು ಆಗಬೇಕಾದ್ದು ಏನೂ ಇರಲಿಲ್ಲ. ‘ಕಣ್ಣು ಮುಚ್ಚು’ ಎಂದ. ಅವಳು ಮುಚ್ಚಿದಳು. ಬಲಗಣ್ಣಿನ ಬುಡದ ಒಣಗಿದ್ದನ್ನು ಅವನು ಆತುರವಿಲ್ಲದೆ ತೆಗೆದ, ಹತ್ತಿ ಎಸೆದ, ಹೊಸದು ತೆಗೆದುಕೊಂಡ. ಮಂಜಪ್ಪ ಏನೋ ಕೂಗಿದ. ಏನೆಂದು ಇವನಿಗೆ ತಿಳಿಯಲಿಲ್ಲ, ದೊಡ್ಡವ್ವ ಈ ಸಲ ಉತ್ತರ ಕೊಡಲಿಲ್ಲ.

‘ಡಾಕ್ಟ್ರ ಹತ್ರ ಮಾತಾಡಿದ್ಯಾ?’ ಎಂದಳು.

‘ಹ್ಞೂ.’

‘ಎಂತ ಅಂದ್ರು?’

‘ಬರೋ ವರ್ಷ ಅಂದ್ರು.’

ಮುಚ್ಚಿದ ರೆಪ್ಪೆಯ ಅಡಿಯಿಂದ ನೀರು ಬಂತು. ಅದು ಬೋರಿಕ್ ನೀರೋ ಬೇರೆಯೋ ಹೇಳುವಂತಿರಲಿಲ್ಲ. ಅವಳ ಕೈ ಅಭ್ಯಾಸದಂತೆ ಸೆರಗಿನ ಕಡೆ ಹೋಯಿತು, ಅರ್ಧಕ್ಕೆ ನಿಂತಿತು, ಹಿಂದಕ್ಕೆ ಬಂದು ಮಡಿಲಲ್ಲಿ ಕೂತಿತು. ‘ಇನ್ನು ಸೆರಗು ಮುಟ್ಟಾದಿಲ್ಲ ಬಿಡು’ ಎಂದಳು, ಮೆಲ್ಲಗೆ, ಯಾರನ್ನೋ ಸಮಾಧಾನ ಮಾಡುವವಳಂತೆ. ‘ನೀನು ತಲೆ ಕೆಡಿಸ್ಕಬ್ಯಾಡ.’

ಮರುವರ್ಷ ಆ ಡಾಕ್ಟರು ಬರಲಿಲ್ಲ. ಯುದ್ಧದ ಕಾಲ, ಸೈನ್ಯಕ್ಕೆ ಸೇರಿದರೆಂದು ಕೇಳಿದೆವು. ಅವರ ಬದಲಿಗೆ ಯಾರೂ ಬರಲಿಲ್ಲ. ನೀಲಾಂಬಿಕೆಗೆ ಹೆಣ್ಣು ಮಗುವಾಯಿತು. ಅದರ ಮುಖವನ್ನು ವೀರಬಸಮ್ಮ ಬೆರಳಿನಿಂದ ಮುಟ್ಟಿ ಮುಟ್ಟಿಯೇ ತಿಳಿದುಕೊಂಡಳು, ಸಾಯುವ ತನಕ, ನಾಲ್ಕು ವರ್ಷ. ಆ ನಾಲ್ಕು ವರ್ಷವೂ ರೇಣುಕಪ್ಪ ಎರಡು ಹೊತ್ತು ಜಗಲಿಯಲ್ಲಿ ಅವಳ ರೆಪ್ಪೆ ತೊಳೆದ; ಇದನ್ನು ನಾನೇ ಕಂಡಿದ್ದೇನೆ. ಆ ಮಂಗಳವಾರ ಸಂಜೆ ಪ್ರೇಮಕ್ಕ ಅವಳಿಗೆ ಏನಾದರೂ ಹೇಳಿದ್ದಳೆ, ಇಲ್ಲವೆ, ಅವನು ಕೇಳಲಿಲ್ಲ. ನಾನೂ ಪ್ರೇಮಕ್ಕನನ್ನು ಕೇಳಬಹುದಿತ್ತು, ಕೇಳಲಿಲ್ಲ. ಡಾಕ್ಟರು ವಿಚಾರಿಸಿದಾಗ ಅವಳು ದಿನಾ ತೊಳೆದರು ಎಂದದ್ದು ಅವನ ಕೆಲಸ ಉಳಿಯಲಿ ಎಂದೋ, ಅವನು ತನ್ನನ್ನು ಅಜ್ಜಿ ಎಂದು ಕರೆದದ್ದಕ್ಕೆ ತಕ್ಕಂತೆಯೋ, ಇಲ್ಲವೆ ಅವನು ತೊಳೆದ ಆ ಐದು ದಿನ ಅವಳಿಗೆ ಎಂಟು ದಿನಕ್ಕೆ ಸಮವಾಗಿ ಕಂಡಿತ್ತೋ, ನನಗೆ ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ.